ಬಾಗಿಲಿಲ್ಲದ ಹೊಸ್ತಿಲಲ್ಲಿ ಮನ್ನೂಬಿಯಾ ಖಾಲಾ

ಬಾಗಿಲೇ ಇಲ್ಲದ ಕಡೆ ತಲೆ ಬಗ್ಗಿಸಿ ನಿಲ್ಲುವವರನ್ನು ನಾನು ನನ್ನ ಆಯುಷ್ಯದಲ್ಲಿ ಕಂಡದ್ದು ಒಬ್ಬರನ್ನೇ: ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ನೆರೆಮನೆಯ ಮನ್ನೂಬಿಯಾಳನ್ನು. ಟುನೀಶಿಯಾದ ಬೆಟ್ಟಸೀಮೆಯಲ್ಲಿ, ರೋಮನ್ನರು ಕಟ್ಟಿ ಬಿಟ್ಟುಹೋದ ಕೋಟೆಪಟ್ಟಣದ ಒಳಗೇ, ಅವರ ಕಂಬಗಳಿಗೆ ನಮ್ಮ ಮಣ್ಣುಗೋಡೆಗಳನ್ನು ಆನಿಸಿಕೊಂಡು ನಮ್ಮ ಹಳ್ಳಿ ಬಾಳಿತ್ತು. ಉತ್ಖನನಕ್ಕೆಂದು ಸರ್ಕಾರದವರು ನಮ್ಮನ್ನು ಕೆಳಗಿನ ಬಯಲಿಗೆ ಎಬ್ಬಿಸಿ ಮನೆಗಳನ್ನು ಕೆಡವಿದರು. ಖಾಲಾಳ ಗೋಡೆ ಹೋಯಿತು, ಸೂರು ಹೋಯಿತು, ಗಿಡ್ಡ ಬಾಗಿಲೂ ಹೋಯಿತು. ಸವೆದ ಹೊಸ್ತಿಲ ಕಲ್ಲು ಮಾತ್ರ, ರೋಮನ್ನರದ್ದಾದ ಪುಣ್ಯಕ್ಕೆ, ಉಳಿಯಿತು.

ಪ್ರತಿ ಶುಕ್ರವಾರ ಆಕೆ ನನ್ನನ್ನು ಜೊತೆಗೆ ಎಳೆದುಕೊಂಡು ಬೆಟ್ಟ ಹತ್ತುತ್ತಿದ್ದಳು. ತೀರಿಹೋದ ಗಂಡನ ಕಂದು ಉಣ್ಣೆಕೋಟು ಬೇಸಿಗೆಯಲ್ಲೂ ಮೈಮೇಲೆ. ಎಡಗಾಲನ್ನು ತುಸು ಎಳೆಯುತ್ತ, ಪುರಾತನ ಗಾಡಿಗಳು ಕೊರೆದ ಜಾಡಿನ ನಡುವೆ, ನೀರಿಗೆ ಹೊರಟವಳ ಸಹಜ ಗಾಂಭೀರ್ಯದಲ್ಲಿ ನಡೆಯುವಳು. ರೋಮನ್ನರೆಂದರೆ ಆಕೆಗೆ ನಮಗಿಂತ ಮುಂಚೆ ಇದ್ದ ಬಾಡಿಗೆಯವರು. "ಗಟ್ಟಿ ಕೆಲಸದೋರಪ್ಪಾ, ಇಲ್ಲ ಅನ್ನಲ್ಲ. ಆದ್ರೆ ಇಷ್ಟೆಲ್ಲ ಕಟ್ಟಿ ನೆಟ್ಟಗೆ ಒಂದು ಒಲೆ ಹಾಕ್ಲಿಲ್ಲ ನೋಡು" ಎನ್ನುವಳು.

ಹೊಸ್ತಿಲ ಮುಂದೆ ಚಪ್ಪಲಿ ಬಿಟ್ಟು, ಇಲ್ಲದ ದಾರಂದಕ್ಕೆ ತಲೆ ತಗ್ಗಿಸಿ, "ಮನೇಲಿ ಯಾರಿದೀರಿ?" ಎಂದು ಮೂರು ಸಲ ಕೂಗುವಳು. ಉತ್ತರ ಬಾರದಿದ್ದರೆ ಹಿಂತಿರುಗುವಳು. ಒಳಗಿನಿಂದ ಕರೆ ಬಾರದೆ ಪರರ ಹೊಸ್ತಿಲು ದಾಟುವುದು ನಮ್ಮಲ್ಲಿಲ್ಲ; ಸರ್ಕಾರಕ್ಕೆ ಕೀಲಿಕೈ ಕೊಟ್ಟ ದಿನವೇ ತನ್ನದೂ ಪರರ ಮನೆಯಾಯಿತೆಂಬುದು ಆಕೆಯ ನ್ಯಾಯ.

ಅಲ್ಲಿಯ ಕಾವಲುಗಾರ ಲಜ್‌ಹರ್ ನಮ್ಮೂರವನೇ, ಕುಚೋದ್ಯದವನು. "ಯಾರು ಓಗೊಡಲಿ ಅಂತ ಕೂಗ್ತೀಯ ಖಾಲಾ, ಹಲ್ಲೀನಾ? ಪ್ರಪಂಚದೋರೆಲ್ಲ ನುಗ್ತಾರೆ, ನೀನೂ ನುಗ್ಗು."

"ನುಗ್ಗೋಕೆ ನಾನೇನು ಮೇಕೆನೇನೋ?"

"ಸರಿ, ನಾನೇ ಕರೀತೀನಿ. ಬಾ ಒಳಗೆ!"

"ನೀನು ಗೇಟು ಕಾಯೋನು. ಮನೇಲಿ ಕೂತೋರು ಕರೀಬೇಕು."

ನಾನೇ ಒಳಹೊಕ್ಕು ಕರೆಯುತ್ತೇನೆಂದರೆ, "ನಿನ್ನನ್ನ ಒಳಗೆ ಕರೆದೋರು ಯಾರು?" ಎಂದು ಬಾಯಿ ಮುಚ್ಚಿಸಿದಳು. ಹೀಗೆ ವರ್ಷಗಳೇ ಉರುಳಿದವು.

ಹೋದ ವಸಂತದಲ್ಲಿ, ಆ ಭಾಗಕ್ಕೆ ಬೇಲಿ ಬೀಳುತ್ತದೆ, ಇನ್ನು ಯಾರಿಗೂ ಪ್ರವೇಶವಿಲ್ಲ ಎಂಬ ಸುದ್ದಿ ಬಂತು. ಆ ಶುಕ್ರವಾರ ಕೋಟೆಬಾಗಿಲ ಬಳಿ ಉಸಿರು ತೆಗೆದುಕೊಳ್ಳುತ್ತ, "ಒಂದು ಸಲ ಒಳಗೆ ಕೂತೆದ್ದು ಬರಬೇಕಿತ್ತು ಮಗಾ" ಎಂದಳು. ಆ ಹಂಬಲ ನನಗೂ ಇತ್ತು, ಬಾಯಿಬಿಟ್ಟು ಹೇಳಿರಲಿಲ್ಲ.

ಅಂದು ಹೊಸ್ತಿಲ ಒಳಗೆ, ರೋಮನ್ನರ ಮುರಿದ ಗೋಡೆಯ ನೆರಳಲ್ಲಿ, ನೋಡಲು ಬಂದ ಪರದೇಶದ ಮುದುಕಿಯೊಬ್ಬಳು ರೊಟ್ಟಿ ಮತ್ತು ಆಲಿವ್ ಕಾಯಿ ತಿನ್ನುತ್ತ ಕೂತಿದ್ದಳು. ಖಾಲಾ ಕೂಗಿದಳು. ಆ ಮುದುಕಿ ತಲೆಯೆತ್ತಿ, ಬಿಸಿಲಲ್ಲಿ ಬಗ್ಗಿ ನಿಂತವಳನ್ನು ಕಂಡು, ತನ್ನ ಭಾಷೆಯಲ್ಲಿ ಏನೋ ಅಂದು, ಸರಿದು ಕೂತು, ಪಕ್ಕದ ಕಲ್ಲನ್ನು ತಟ್ಟಿದಳು.

"ಕೇಳಿಸ್ತಾ? ಕರೆದ್ರು!" ಖಾಲಾ ನನ್ನತ್ತ ತಿರುಗಿದಾಗ ಆ ಮುಖದಲ್ಲಿ ಮದುವಣಗಿತ್ತಿಯ ಗಾಬರಿ. ತಲೆಯನ್ನು ಇನ್ನಷ್ಟು ತಗ್ಗಿಸಿ, ಬಿಸ್ಮಿಲ್ಲಾ ಎಂದು ಬಲಗಾಲಿಟ್ಟು ಒಳಹೋದಳು. ಕೊಟ್ಟ ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು ತಿಂದಳು. ಆಮೇಲೆ ಮೆಲ್ಲಗೆ, "ಅಲ್ಲಿ ಕೂರಬೇಡ ತಾಯಿ, ಒಲೆ ಇರೋ ಜಾಗ. ಬಟ್ಟೆಗೆ ಮಸಿ ಹತ್ತುತ್ತೆ" ಎಂದಳು. ಒಂದಕ್ಷರವೂ ತಿಳಿಯದ ಆ ಪರದೇಶಿ ಎದ್ದು ಲಂಗ ಕೊಡವಿಕೊಂಡಳು. ನಾನು ಹೊರಗೇ ನಿಂತು ಅತ್ತೆ.

ಈಗ ಬೇಲಿ ಬಿದ್ದಿದೆ. ಖಾಲಾ ಬೆಟ್ಟ ಹತ್ತುವುದಿಲ್ಲ. ನೆಲೆ ಕಳೆದುಕೊಂಡವರಲ್ಲಿ ಶಪಿಸುವವರುಂಟು, ಮರೆಯುವವರೂ ಉಂಟು. ಆಕೆಯಂಥವರು ಅಪರೂಪ: ಮನೆ ಬಿದ್ದ ಮೇಲೂ ಅದರ ರೀತಿ ಬಿಡದೆ ಹೊಸ್ತಿಲಲ್ಲಿ ಕಾಯುತ್ತಾರೆ, ಒಳಗೆ ಬಾ ಎಂದವರು ಯಾರೆಂದು ಕೇಳುವುದಿಲ್ಲ, ಎದ್ದು ಬರುವಾಗ ಆ ಮನೆ ತುಂಬಿರಲೆಂದು ಹರಸಿ ಬರುತ್ತಾರೆ.