ಉಮರಸಾಬ ಕೇಳದ ಪ್ರಶ್ನೆ

ಗಂಗಾವತಿಯಲ್ಲಿ ಮದುವೆಯ ಬಿರಿಯಾನಿ ಎಂದರೆ ಉಮರಸಾಬ. ಅವನ ಕೈರುಚಿ ಎಷ್ಟು ಹೆಸರುವಾಸಿಯೋ ಮೂಗಿನ ತುದಿಯ ಸಿಟ್ಟೂ ಅಷ್ಟೇ. ಒಮ್ಮೆ ಕುಷ್ಟಗಿಯ ಮದುವೆ ಮನೆಯವರು, "ಇಷ್ಟು ಮಂದಿಗೆ ಹಿಂದ ಎಲ್ಲೆರ ಮಾಡೀರೇನು?" ಎಂದು ಕೇಳಿದ್ದೇ ತಡ, ಹೊತ್ತಿಸಿದ ಒಲೆ ಬಿಟ್ಟು ಬಸ್ಸು ಹತ್ತಿದ ಪುಣ್ಯಾತ್ಮ. ಕಸುಬಿನವನನ್ನು ಹಾಗೆ ಕೇಳುವುದೆಂದರೆ ಮುಖಕ್ಕೆ ಉಗಿದಂತೆ ಎಂಬುದು ಅವನ ಲೆಕ್ಕ.

ಹೆಂಡತಿ ಬಾನುಬೀಗೆ ಅನ್ನನಾಳದ ಕ್ಯಾನ್ಸರ್ ಆಯಿತು. ಮೊದಲು ರೊಟ್ಟಿ ಇಳಿಯದಾಯಿತು, ಆಮೇಲೆ ಗಂಜಿಯೂ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದರೆ ಅಲ್ಲಿ ಹುಣ್ಣಿಮೆಗೆ ಹುಲಿಗಿ ಗುಡಿಯಲ್ಲಿ ನೆರೆಯುವಷ್ಟು ಮಂದಿ. ಡಾಕ್ಟರು ರಿಪೋರ್ಟು ನೋಡಿ, ಆಪರೇಷನ್ನಿನ ತಾರೀಖು ಹೇಳಿ, ಮುಂದಿನವರನ್ನು ಕರೆದರು. ಉಮರಸಾಬನಿಗೆ ಮೈಯೆಲ್ಲ ಉರಿಯಿತು.

"ಇದು ದವಾಖಾನಿ ಅಲ್ಲ, ಸಂತಿ. ನಮ್ಮನ್ನ ಯಾರು ಕೇಳತಾರ ಇಲ್ಲೆ?" ಎಂದು ಹೆಂಡತಿಯನ್ನು ವಾಪಸ್ಸು ಕರೆತಂದ.

ಊರಿನ ನರ್ಸಿಂಗ್ ಹೋಮಿನ ಡಾಕ್ಟರ್ ಗವಿಸಿದ್ದೇಶ ಹಾಗಲ್ಲ. ಉಮರಸಾಬನ ಅಪೆಂಡಿಕ್ಸ್ ತೆಗೆದವರು ಅವರೇ. ಕೂಡಿಸಿ ಚಹಾ ತರಿಸಿದರು, ಬಾನುಬೀ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. "ಇಲ್ಲೇ ಮಾಡೋಣ್ರಿ" ಎಂದರು.

ಮಗಳು ಉಜ್ಮಾ ಬಿಡಲಿಲ್ಲ. "ಅಬ್ಬಾ, ಇಂಥಾ ಆಪರೇಷನ್ ಮ್ಯಾಲಿಂದ ಮ್ಯಾಲೆ ಮಾಡೋ ದವಾಖಾನ್ಯಾಗ ಹೆಚ್ಚು ಮಂದಿ ಉಳೀತಾರಂತ. ಇವರು ಎಷ್ಟು ಮಾಡ್ಯಾರ, ಅದೊಂದು ಕೇಳ್ರಿ."

"ನನ್ನ ಜೀವಾ ಉಳಿಸಿದವರನ್ನ ಹಂಗ ಕೇಳಲಿಕ್ಕೆ ಬರತೈತೇನ? ಇಜ್ಜತ್ ಅನ್ನೋದು ಬ್ಯಾಡೇನು?"

ಬಕ್ರೀದಿಗೊಮ್ಮೆ ಸೌಟು ಹಿಡಿಯುವವರಿಗೆ ತನ್ನ ಬಿರಿಯಾನಿ ಹಂಡೆಯನ್ನು ಮುಟ್ಟಗೊಡದ ಮನುಷ್ಯ ಇವನು. ಅವನಿಗೇ ಇದು ಹೊಳೆಯಲಿಲ್ಲ ನೋಡಿ.

ಆಪರೇಷನ್ನಿನ ದಿನ ಬೆಳಗ್ಗೆ, ಕೇಳಿಯೇಬಿಡುತ್ತೇನೆಂದು ಡಾಕ್ಟರರ ಕೋಣೆಗೆ ಹೋದ. ಅವರ ನಗುಮುಖ ಕಂಡು, "ನಾಷ್ಟಾ ಆತೇನ್ರಿ?" ಎಂದಷ್ಟೇ ಕೇಳಿ ಬಂದ. ಬಾನುಬೀ ಅವನ ತೋಳು ಹಿಡಿದಳು.

"ಉಜ್ಮಾ ಹೇಳಿದ್ದು ಕೇಳಿದ್ರೇನು?"

"ಕೇಳೀನಿ. ಭಾಳ ಮಾಡ್ಯಾರಂತ."

ಅವಳು ಸಮಾಧಾನದಿಂದ ತೋಳು ಬಿಟ್ಟಳು.

ಆಪರೇಷನ್ ಆಗಿ ಕೆಲವು ದಿನಕ್ಕೆ ಹೊಲಿದ ಜಾಗ ಒಳಗೇ ಸೋರತೊಡಗಿತು. ಜ್ವರ ಏರಿತು, ಉಸಿರು ಮೇಲುಸಿರಾಯಿತು. ಡಾಕ್ಟರರು ಉಮರಸಾಬನನ್ನು ಪಕ್ಕಕ್ಕೆ ಕರೆದರು.

"ಹುಬ್ಬಳ್ಳಿಗೆ ಒಯ್ಯಬೇಕ್ರಿ, ಈಗಿಂದೀಗ. ಇದನ್ನ ಸಂಭಾಳಿಸೋ ರೂಢಿ ನಮ್ಮಲ್ಲಿ ಯಾರಿಗೂ ಇಲ್ಲ."

ಈಗ ಉಮರಸಾಬನಿಗೆ ಬಾಯಿ ಬಂತು. "ಇಂಥಾವು ಎಷ್ಟು ಮಾಡೀರಿ, ಸಾಹೇಬ್ರ?"

"ನಾನಽ ಮಾಡಿದ್ದು, ಇದು ಎರಡನೇದ್ರಿ." ಡಾಕ್ಟರರು ತಲೆ ಎತ್ತಲಿಲ್ಲ. "ನೀವು ಕೇಳಿದ್ರ ಹೇಳತಿದ್ದೆ. ಕೇಳದಿದ್ರೂ ಹೇಳಬೇಕಿತ್ತು."

ಉಮರಸಾಬನಿಗೆ ಅವರ ಮೇಲೆ ಸಿಟ್ಟು ಸಹ ಬರಲಿಲ್ಲ. ಇದ್ದ ಸಿಟ್ಟೆಲ್ಲ ತನ್ನ ಮೇಲೇ ತಿರುಗಿತ್ತು.

ಆಂಬುಲೆನ್ಸು ಕೊಪ್ಪಳ ದಾಟುವಾಗ ಬಾನುಬೀ ಕಣ್ಣು ತೆರೆದಳು. ಗಂಡ ಬಿಕ್ಕುತ್ತಿದ್ದ. ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡುಬಿಡೋಣವೆಂದು ಅವಳತ್ತ ಬಾಗಿದ. ಅವಳೇ ಆಕ್ಸಿಜನ್ ಮಾಸ್ಕನ್ನು ಸ್ವಲ್ಪ ಸರಿಸಿದಳು.

"ಅಳಬ್ಯಾಡ್ರಿ. ನೀವು ಎಲ್ಲಾ ಕೇಳೇ ಮಾಡಿಸೀರಿ. ಯಾರದೂ ತಪ್ಪಿಲ್ಲ, ನನ್ನ ನಸೀಬಽ ಹಂಗೈತಿ."

ಎದುರು ಕೂತ ಉಜ್ಮಾ ಅಪ್ಪನ ಮುಖವನ್ನೇ ನೋಡಿದಳು. ಅವಳಿಗೆ ಎಲ್ಲ ತಿಳಿದುಹೋಯಿತು.

ಉಮರಸಾಬ ಮಾಸ್ಕನ್ನು ಹೆಂಡತಿಯ ಮುಖಕ್ಕೆ ಸರಿಯಾಗಿ ಕೂಡಿಸಿ, "ಹೌದು, ಕೇಳೀನಿ" ಎಂದ. ಹುಬ್ಬಳ್ಳಿ ಇನ್ನೂ ದೂರವಿತ್ತು.