ಬ್ಯಾಟರಿಗೆ ಹೊದಿಸಿದ ಕಂಬಳಿ

ಚಳಿಗಾಲ ಇನ್ನೇನು ಕಾಲು ಕೀಳುವುದರಲ್ಲಿತ್ತು. ಆದರೂ ಊರಂಚಿನ ಕೊಯ್ದ ಹೊಲಗಳ ಮೇಲೆ ಮಂಜು ಬಿಸಿಲೇರುವ ತನಕ ಮಲಗಿಯೇ ಇರುತ್ತಿತ್ತು. ಅದು ಏಳುವಷ್ಟರಲ್ಲಿ ಬೆಚ್ಚಪ್ಪ ಎಷ್ಟೋ ಬಾಗಿಲು ತಟ್ಟಿ ಬಂದಿರುತ್ತಿದ್ದ. ಒಂದು ಮನೆಗೆ ಹಾಲು, ಬ್ರೆಡ್ಡು, ಇನ್ನೊಂದಕ್ಕೆ ಜ್ವರದ ಮಾತ್ರೆ, ಮೂರನೇ ಮಹಡಿಯ ಮೇಷ್ಟರಿಗೆ ಬೆಕ್ಕಿನ ಆಹಾರ. ಬೆನ್ನಿಗೆ ಚೌಕದ ಚೀಲ, ಹ್ಯಾಂಡಲ್ಲಿನ ಮೇಲೆ ಫೋನು, ಫೋನಿನ ಆ್ಯಪಿನಲ್ಲಿ ಹಿಂದಕ್ಕೆ ಓಡುವ ನಿಮಿಷಗಳು. ಕೆಳಗೆ ಎಲೆಕ್ಟ್ರಿಕ್ ಸೈಕಲ್ಲು.

ಬೆಚ್ಚಪ್ಪ ಅಂದರೆ ಹೆತ್ತವರು ಇಟ್ಟ ಹೆಸರಲ್ಲ, ಜೊತೆಯ ಸವಾರರು ಇಟ್ಟದ್ದು. ಈ ಚಳಿ ಶುರುವಾದಾಗಿನಿಂದ ಅವನ ಬ್ಯಾಟರಿ ಮೊದಲಿನ ಅರ್ಧ ದೂರವೂ ಬರುತ್ತಿರಲಿಲ್ಲ. ಚಳಿಗೆ ಬ್ಯಾಟರಿ ಸೋಲುತ್ತದೆ ಎಂದು ಯಾರೋ ಹೇಳಿದ್ದರು. ಚಳಿಯಲ್ಲಿ ಹುಟ್ಟಿದ ಕರುವಿಗೆ ಗೋಣಿ ಹೊದಿಸಿ ಸಾಕಿದ ಮನೆಯಲ್ಲಿ ಬೆಳೆದವನು ಅವನು. ಮದ್ದು ತಾನಾಗಿ ಹೊಳೆಯಿತು. ಮನೆಗೆ ಹೋಗಿ ಹೆಂಡತಿಯ ತಾಯಿಯ ಮುಂದೆ ನಿಂತ.

"ಅತ್ತೆ, ನಿಮ್ಮ ಕಂಬಳಿ ಸ್ವಲ್ಪ ದಿನ ಕೊಡ್ತೀರಾ?"

"ಯಾರಿಗೆ ಚಳಿ?"

"ಬ್ಯಾಟರಿಗೆ."

ಅತ್ತೆ ಅಳಿಯನ ಮುಖವನ್ನೊಮ್ಮೆ, ಬ್ಯಾಟರಿಯನ್ನೊಮ್ಮೆ ನೋಡಿದರು. "ಕೂಸಾಗಿದ್ರೆ ಅತ್ತಾದ್ರೂ ಹೇಳ್ತಿತ್ತು, ಪಾಪ" ಎಂದು ಹೆಗಲಿನ ಕಂಬಳಿ ತೆಗೆದುಕೊಟ್ಟರು.

"ಚಳಿ ಮುಗಿಯೋದ್ರೊಳಗೆ ನಿಮಗೊಂದು ಹೊಸದು ತಂದುಕೊಡ್ತೀನಿ."

"ಹೂಂ, ನೋಡೋಣ."

ಅಂದಿನಿಂದ ಅತ್ತೆ ಮಗಳ ಹಳೆಯ ಸ್ವೆಟರಿನಲ್ಲಿ ಚಳಿ ಕಳೆಯುತ್ತಿದ್ದರು. ಬ್ಯಾಟರಿ ಕಂಬಳಿಯೊಳಗೆ ಮಲಗುತ್ತಿತ್ತು. ಅವರದು ಸಾಲುಮನೆಯ ಒಂದು ಕೋಣೆ, ಒಂದು ಅಡುಗೆಮೂಲೆ, ಒಂದೇ ಬಾಗಿಲು. ಪ್ಲಗ್ಗು ಇದ್ದದ್ದು ಆ ಬಾಗಿಲ ಪಕ್ಕ. ಮಧ್ಯಾಹ್ನ ಮನೆಗೆ ಬಂದವನು ಬ್ಯಾಟರಿಯನ್ನು ಅಲ್ಲಿ ಚಾರ್ಜಿಗೆ ಹಾಕಿ, ಕಂಬಳಿ ಸುತ್ತಿ, ಉಂಡು ಮಲಗುತ್ತಿದ್ದ. ಸಂಜೆ ಎದ್ದು ಹೊರಟರೆ ದಾರಿಯ ಮಧ್ಯದಲ್ಲಿಯೇ ಅದು ಕೈಕೊಡುತ್ತಿತ್ತು. ಚಳಿ ಜಾಸ್ತಿಯಾಯಿತೆಂದು ಇನ್ನೊಂದು ಮಡಿಕೆ ಹೊದಿಸಿದ. ಅದು ಇನ್ನಷ್ಟು ಬೇಗ ಕೈಕೊಟ್ಟಿತು. ಈಚೆಗೆ ಅದರ ಒಂದು ಪಕ್ಕ ಉಬ್ಬಿಕೊಂಡಿತ್ತು. ಬೆಚ್ಚಪ್ಪ ಆ ಪಕ್ಕವನ್ನು ಗೋಡೆಯ ಕಡೆ ತಿರುಗಿಸಿ ಇಡುತ್ತಿದ್ದ.

ಅಷ್ಟರಲ್ಲಿ ಹೊಸ ಕಾಯಿದೆ ಬಂತು. ಪಕ್ಕದ ಊರಿನಲ್ಲಿ ಒಬ್ಬ ಸವಾರನ ಮನೆಬಾಗಿಲಲ್ಲಿ ಚಾರ್ಜಿಗಿಟ್ಟಿದ್ದ ಬ್ಯಾಟರಿ ಹೊತ್ತಿಕೊಂಡು, ಒಳಗಿದ್ದವರು ಹೊರಗೆ ಬರಲಾಗದೇ ಜೀವ ಕಳೆದುಕೊಂಡಿದ್ದರು. ಈಗ ಆ್ಯಪಿಗೆ ದುಡಿಯುವ ಪ್ರತಿ ಸೈಕಲ್ಲಿನ ಬ್ರೇಕು, ದೀಪ, ಬ್ಯಾಟರಿ ಪರೀಕ್ಷೆಯಾಗಬೇಕು. ವೇಗ ಮಿತಿ ಮೀರದಂತೆ ತಡೆಯುವ ತಂತಿಯನ್ನು ಸವಾರ ಕತ್ತರಿಸಿದ್ದರೆ ಮತ್ತೆ ಜೋಡಿಸಬೇಕು. ಪಾಸಾದರೆ ಸೈಕಲ್ಲಿಗೊಂದು ಹಸಿರು ಚೀಟಿ. ಚೀಟಿ ಇಲ್ಲದವನಿಗೆ ನಾಳೆಯಿಂದ ಆ್ಯಪು ಬಾಗಿಲು ತೆರೆಯುವುದಿಲ್ಲ. ಇವತ್ತೇ ಕೊನೆಯ ದಿನ.

ಬೆಚ್ಚಪ್ಪನ ಸಂಸಾರ ನಡೆಯುತ್ತಿದ್ದುದು ಆ ಸೈಕಲ್ಲಿನ ಮೇಲೆ. ಹೆಂಡತಿ ಬೀಜದ ಪೊಟ್ಟಣ ಕಟ್ಟುವ ಗೋದಾಮಿನಲ್ಲಿ ದುಡಿದು ತರುತ್ತಿದ್ದುದು ಬಾಡಿಗೆಗೆ ಸರಿಹೋಗುತ್ತಿತ್ತು. ತನ್ನ ಬ್ಯಾಟರಿ ಪಾಸಾಗುವುದಿಲ್ಲ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ದಾರಿ ತೋರಿಸಿದವನು ಉದ್ದಣ್ಣ. ಸವಾರರಲ್ಲೆಲ್ಲ ಎತ್ತರದವನು, ಹೊಸ ಬ್ಯಾಟರಿ ಇದ್ದವನೂ ಅವನೊಬ್ಬನೇ. "ಚೀಟಿ ಅಂಟಿಸೋದು ಸೈಕಲ್ಲಿಗೆ ಕಣೋ, ಬ್ಯಾಟರಿಗಲ್ಲ. ನಂದು ಹಾಕ್ಕೊಂಡು ಹೋಗು, ಪಾಸ್ ಮಾಡಿಸ್ಕೊ, ಪರೀಕ್ಷೆ ಅಂಗಳದ ಗೋಡೆ ಹಿಂದೆ ಬಂದು ವಾಪಸ್ ಕೊಡು. ಬೆಳಿಗ್ಗೆಯಿಂದ ಎಲ್ಲರೂ ಹಾಗೇ ಮಾಡ್ತಿದಾರೆ."

ಬೆಚ್ಚಪ್ಪ ಆ ದಿನ ಬೆಳಗಿನ ಕೆಲಸ ಬೇಗ ಮುಗಿಸಿ ಮನೆಗೆ ಬಂದ. ಅತ್ತೆ ಬಾಗಿಲಿಗೆ ತಲೆ ಮಾಡಿ ಮಂಚದ ಮೇಲೆ ತೂಕಡಿಸುತ್ತಿದ್ದರು. ಸಂಜೆಯ ಕೆಲಸಕ್ಕೆ ಬೇಕಲ್ಲ ಎಂದು ತನ್ನ ಬ್ಯಾಟರಿಯನ್ನು ಎಂದಿನಂತೆ ಪ್ಲಗ್ಗಿಗೆ ಸಿಕ್ಕಿಸಿ, ಕಂಬಳಿ ಸುತ್ತಿ, ಬರಿ ಸೈಕಲ್ಲನ್ನು ತುಳಿದುಕೊಂಡು ಹೊರಟ.

ಪರೀಕ್ಷೆ ಇದ್ದದ್ದು ಹಳೆಯ ಧಾನ್ಯದ ಗೋದಾಮಿನ ಅಂಗಳದಲ್ಲಿ. ದನಗಳಿಗೆ ಸೂಜಿ ಚುಚ್ಚಿಸಲು ಹಿಡಿದು ನಿಂತ ಹಾಗೆ ಸವಾರರು ಸೈಕಲ್ಲುಗಳನ್ನು ಹಿಡಿದು ಸಾಲಾಗಿ ನಿಂತಿದ್ದರು. ಉದುರಿದ ಕಾಳು ಹೆಕ್ಕುವ ಗುಬ್ಬಿಗಳು ಗಾಲಿಗಳ ನಡುವೆ ಓಡಾಡುತ್ತಿದ್ದವು. ಗೋಡೆಯ ಹಿಂದೆ ಉದ್ದಣ್ಣ ಬ್ಯಾಟರಿಯನ್ನು ಕೈಗಿತ್ತ.

"ಹುಷಾರು. ಒಂದೇ ಸರ ಇಡೀ ಕೇರಿಯ ಮದುಮಕ್ಕಳ ಕೊರಳಿಗೆಲ್ಲಾ ಹೋಗಿ ಬಂದ ಹಾಗಾಗಿದೆ ಇದರ ಕಥೆ. ಕೊನೇ ಮದುಮಗಳು ನೀನು."

"ನಗಿಸ್ಬೇಡ್ವೋ, ಅವರ ಮುಂದೆ ನಕ್ಕುಬಿಟ್ರೆ ಕಷ್ಟ."

ಪರೀಕ್ಷಕಿ ಮಧ್ಯವಯಸ್ಸಿನ ಹೆಂಗಸು. ಧೂಳಿಗೆ ಮೂಗಿನ ಮೇಲೆ ಬಟ್ಟೆ ಕಟ್ಟಿಕೊಂಡಿದ್ದರು. ಬ್ರೇಕು ಒತ್ತಿ ನೋಡಿದರು, ದೀಪ ಹತ್ತಿಸಿ ನೋಡಿದರು. ಅವರ ಸಹಾಯಕ ಕತ್ತರಿಸಿದ್ದ ತಂತಿಯನ್ನು ಬೆಸೆದು ಮುದ್ರೆ ಒತ್ತಿದ. ಆಮೇಲೆ ಪರೀಕ್ಷಕಿ ಬ್ಯಾಟರಿಯನ್ನು ಕಳಚಿ ಅಡಿ ಮೇಲು ಮಾಡಿದರು. ಅಲ್ಲೊಂದು ಮೊಲದ ಚಿತ್ರ ಅಂಟಿತ್ತು. ಉದ್ದಣ್ಣನ ಮಗಳು ಅಂಟಿಸಿದ್ದು. ಮೊಲಕ್ಕೆ ಒಂದೇ ಕಿವಿ ಉಳಿದಿತ್ತು.

ಪರೀಕ್ಷಕಿ ಮೊಲವನ್ನೇ ನೋಡಿದರು. ಬಟ್ಟೆಯನ್ನು ಮೂಗಿನಿಂದ ಕೆಳಗಿಳಿಸಿದರು.

"ಬೆಳಿಗ್ಗೆಯಿಂದ ಈ ಮೊಲ ನನ್ನ ಹತ್ರ ಬರ್ತಾನೇ ಇದೆ. ಮೊದಲು ಬಂದಾಗ ಎರಡು ಕಿವಿ ಇತ್ತು. ಒಂದೇ ಅಂಗಡೀಲಿ ತಗೊಂಡಿರಬೇಕು ಅಂತ ಸುಮ್ಮನಿದ್ದೆ. ಕಿವೀನೂ ಒಂದೇ ಥರ ಹರಿಯುತ್ತೇನಪ್ಪಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬೆಚ್ಚಪ್ಪ ಇನ್ನು ಚೀಟಿ ಸಿಕ್ಕ ಹಾಗೆಯೇ ಎಂದುಕೊಂಡ.

"ನಿಮ್ಮ ಬ್ಯಾಟರಿ ಎಲ್ಲಿ?"

"ಮನೇಲಿದೆ ಮೇಡಂ."

"ಮನೇಲಿ ಎಲ್ಲಿ?"

"ಬಾಗಿಲ ಪಕ್ಕ."

"ಉಬ್ಬಿದೆಯಾ?"

"ಸ್ವಲ್ಪ."

ಅವರ ದನಿ ಬದಲಾಯಿತು. "ಚಾರ್ಜಿಗೆ ಹಾಕಿ ಬಂದಿದೀರಾ?"

ಬೆಚ್ಚಪ್ಪ ತಲೆಯಾಡಿಸಿದ. "ಚಳಿ ಅಂತ ಕಂಬಳಿ ಸುತ್ತಿದೀನಿ" ಎಂದ. ಹೇಳುವಾಗ ಅದು ಅವನ ಕಿವಿಗೇ ಬೇರೆ ಥರ ಕೇಳಿಸಿತು.

"ಅಯ್ಯೋ, ಚಳಿಗೆ ಸೋಲೋದು ಓಡಿಸುವಾಗ. ಚಾರ್ಜಾಗುವಾಗ ಅದಕ್ಕೆ ಸೆಕೆ ಆಗುತ್ತೆ ಕಣ್ರೀ! ಮನೇಲಿ ಯಾರಿದಾರೆ?"

"ನಮ್ಮತ್ತೆ. ಮಲಗಿದಾರೆ."

ಹೇಳುತ್ತಲೇ ಅವನು ಅತ್ತೆಗೆ ಫೋನು ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಹೆಂಡತಿಯ ಫೋನು ಕೆಲಸದ ಹೊತ್ತಿನಲ್ಲಿ ಬೀಜದ ಗೋದಾಮಿನ ಕಪಾಟಿನಲ್ಲಿರುತ್ತಿತ್ತು. ಪರೀಕ್ಷಕಿ ಆಗಲೇ ವ್ಯಾನಿನ ಕಡೆ ಓಡುತ್ತ ಮರಳಿನ ಡ್ರಮ್ಮು ಏರಿಸಲು ಕೂಗುತ್ತಿದ್ದರು. ಬೆಚ್ಚಪ್ಪ ವಿಳಾಸ ಕೂಗಿ ಹೇಳಿ, ಮೊಲದ ಬ್ಯಾಟರಿಯನ್ನು ಸಿಕ್ಕಿಸಿಕೊಂಡು ಸೈಕಲ್ಲು ಹತ್ತಿದ.

ಗೇಟಿನಾಚೆ ಲಾರಿಗಳು ಅಡ್ಡಾದಿಡ್ಡಿ ನಿಂತಿದ್ದವು. ವ್ಯಾನು ಅಲ್ಲೇ ಸಿಕ್ಕಿಕೊಂಡಿತು, ಸೈಕಲ್ಲು ಸಂದಿಯಲ್ಲಿ ನುಸುಳಿತು. ಹಿಡಿ ತಿರುಗಿಸಿದ. ಇಷ್ಟು ದಿನ ಬಾಣದಂತೆ ಓಡುತ್ತಿದ್ದ ಸೈಕಲ್ಲು ಕಾಯಿದೆಯ ವೇಗ ಮುಟ್ಟಿತು, ಕೂಡಲೇ ಮೋಟರು ಕೈಬಿಟ್ಟಿತು. ಈಗತಾನೇ ಬೆಸೆದ ತಂತಿ. ಯಾರದೋ ಮನೆಗೆ ಒಂದು ಲೋಟ ಹಾಲು ಮುಟ್ಟಿಸಲು ಹಾರಿಕೊಂಡು ಹೋಗುತ್ತಿದ್ದವನು ಈಗ, ಹಾರಬೇಕಾದ ಹೊತ್ತಿನಲ್ಲಿ, ತುಳಿದ. ಎದ್ದು ನಿಂತು ತುಳಿದ. ಆ ಸೈಕಲ್ಲು ಬರಿ ಕಾಲಿಗೆ ಬಗ್ಗುವ ಭಾರವಲ್ಲ. ತೊಡೆ ಉರಿಯಿತು, ಚಳಿಗಾಳಿ ಗಂಟಲಲ್ಲಿ ಕೊರೆಯಿತು. ಬಾಗಿಲ ಪಕ್ಕ, ಬಾಗಿಲ ಪಕ್ಕ ಎಂಬ ಎರಡು ಮಾತೇ ಪೆಡಲಿನ ಜೊತೆ ತಲೆಯಲ್ಲಿ ಸುತ್ತುತ್ತಿದ್ದವು. ಆ ಮನೆಗೆ ಬೇರೆ ಬಾಗಿಲಿರಲಿಲ್ಲ.

ಓಣಿ ತಿರುಗಿದಾಗ ಹೊಗೆ ಕಾಣಲಿಲ್ಲ. ಆದರೆ ಒಂದು ನಾತ ಬಡಿಯಿತು, ಕೊಳೆತ ಹಣ್ಣಿಗೆ ಸೀಮೆಎಣ್ಣೆ ಸುರಿದಂಥದ್ದು. ಮನೆಯ ಬಾಗಿಲು ಹಾರುಹೊಡೆದಿತ್ತು. ಸೈಕಲ್ಲನ್ನು ಬಿದ್ದಲ್ಲಿ ಬಿಟ್ಟು ಒಳಗೆ ನುಗ್ಗಿದ. ಮಂಚ ಖಾಲಿ. ಪ್ಲಗ್ಗು ಖಾಲಿ. ದಿಂಬಿನ ಮೇಲೆ ಅತ್ತೆಯ ಫೋನು.

"ಅತ್ತೇ!"

"ಬೂಟು ಬಿಚ್ಚಿ ಒಳಗೆ ಹೋಗಿ ಅಳಿಯಂದ್ರೇ, ಬೆಳಿಗ್ಗೆ ತಾನೆ ಒರೆಸಿದೀನಿ."

ದನಿ ಹಿಂದಿನಿಂದ ಬಂದಿತ್ತು. ಬೆಚ್ಚಪ್ಪ ತಿರುಗಿದ. ಓಣಿಯ ಆಚೆ ಬದಿ, ಎದುರುಮನೆಯ ಮೆಟ್ಟಿಲ ಮೇಲೆ ಅತ್ತೆ ಕೂತಿದ್ದರು. ಕೈಯಲ್ಲಿ ಪೊರಕೆ ಕೋಲು. ಮುಂದೆ, ಯಾರೋ ಮನೆ ಕಟ್ಟಲು ಸುರಿದಿದ್ದ ಮರಳ ರಾಶಿ. ರಾಶಿಯ ಒಂದು ಕಡೆ ಹೊಸದಾಗಿ ಗುಡ್ಡೆ ಮಾಡಿದಂತಿತ್ತು. ಹತ್ತಿರ ಬಂದ ನಾಯಿಯನ್ನು ಅವರು ಕೋಲಿನಿಂದ ಗದರಿಸುತ್ತಿದ್ದರು.

ಬೆಚ್ಚಪ್ಪ ಹೊಸ್ತಿಲ ಮೇಲೆಯೇ ಕುಸಿದು ಕೂತ. ಹೋದ ಜೀವ ಬಂದಂತಾಯಿತು.

"ಏನಾಯ್ತು ಅತ್ತೆ?"

"ಏನಾಗೋದು? ನಾತಕ್ಕೆ ಎಚ್ಚರ ಆಯ್ತು. ಮುಟ್ಟಿ ನೋಡಿದ್ರೆ ಸುಡ್ತಿತ್ತು. ಪ್ಲಗ್ ಕಿತ್ತೆ. ಕಂಬಳಿ ಸಮೇತ ಎಳ್ಕೊಂಡು ಬಂದು ಮರಳಲ್ಲಿ ಮುಚ್ಚಿದೆ. ಎಮ್ಮೆ ಕರುಗಳನ್ನ ಗೋಣಿ ಮೇಲೆ ಹಾಕಿ ಎಳೆದಿಲ್ವಾ, ಅಷ್ಟೇ." ನಾಯಿಯನ್ನು ಮತ್ತೊಮ್ಮೆ ಗದರಿಸಿ, "ಇವತ್ತೊಂದಿನ ಅಲ್ಲ ಬಿಡಿ" ಎಂದರು.

"ಅಂದ್ರೆ?"

"ದಿನಾ ಬಿಸಿ ಆಗ್ತಿತ್ತು. ಜ್ವರ ಬಂದಿರೋ ಕರುವಿನ ಕಿವಿ ಹಾಗೆ. ನಂಗೆ ಹೆದರಿಕೆ. ನೀವು ಗೊರಕೆ ಹೊಡೆಯೋಕೆ ಶುರು ಮಾಡಿದ ಕೂಡ್ಲೇ ಪ್ಲಗ್ ಕಿತ್ತುಬಿಡ್ತಿದ್ದೆ. ನೀವು ಏಳೋ ಹೊತ್ತಿಗೆ ಮತ್ತೆ ಸಿಕ್ಕಿಸ್ತಿದ್ದೆ."

ಬೆಚ್ಚಪ್ಪ ಅವರನ್ನೇ ನೋಡಿದ. "ಚಳಿಗಾಲವೆಲ್ಲಾ?"

"ಕಂಬಳಿ ಹೊದಿಸಿದ ದಿನದಿಂದ."

ಅವನಿಗೆ ಲೆಕ್ಕ ಒಂದೊಂದಾಗಿ ಬಿಡಿಸಿಕೊಂಡಿತು. ಮೊದಮೊದಲು ಕೈಕೊಟ್ಟದ್ದು ಚಳಿಗೇ ಇರಬಹುದು. ಆಮೇಲೆ ಅವನು ಹೊದಿಸಿದಷ್ಟೂ ಅದು ಬಿಸಿಯಾಗುತ್ತಿತ್ತು, ಬಿಸಿಯಾದಷ್ಟೂ ಅತ್ತೆ ಕೀಳುತ್ತಿದ್ದರು, ಅವರು ಕಿತ್ತಷ್ಟೂ ಅವನು ಹೊದಿಸುತ್ತಿದ್ದ. ಅರ್ಧ ಹೊಟ್ಟೆಯ ಬ್ಯಾಟರಿಯನ್ನು ದಾರಿಯಲ್ಲಿ ನಿಲ್ಲಿಸಿಕೊಂಡು, ಚಳಿಯನ್ನೂ, ಬ್ಯಾಟರಿ ಮಾರಿದ ಅಂಗಡಿಯವನನ್ನೂ ಬೈದದ್ದೆಲ್ಲ ನೆನಪಾಯಿತು.

"ಒಂದು ಮಾತು ಹೇಳಬಾರದಿತ್ತಾ ಅತ್ತೆ?"

"ನೀವು ಅದನ್ನ ಕಣ್ಣಲ್ಲಿಟ್ಟು ಸಾಕ್ತಿದ್ರಿ. ಅದಕ್ಕೆ ಕಾಯಿಲೆ ಅಂತ ಹೇಗೆ ಹೇಳ್ಲಿ?"

ಬೆಚ್ಚಪ್ಪನಿಗೆ ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ. ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಅತ್ತೆ ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು.

ವ್ಯಾನು ಬಂದು ನಿಂತಾಗ ಇಬ್ಬರೂ ಹಾಗೆಯೇ ಕೂತಿದ್ದರು. ಪರೀಕ್ಷಕಿ ಉದ್ದ ಹಿಡಿಯ ಇಕ್ಕಳದಿಂದ ಬ್ಯಾಟರಿಯನ್ನು ಎತ್ತಿಸಿ ಡ್ರಮ್ಮಿನ ಮರಳಿಗೆ ಇಳಿಸಿದರು. ಆಮೇಲೆ ಅತ್ತೆಯ ಕಡೆ ತಿರುಗಿದರು. "ಮುಟ್ಟಬಾರದಿತ್ತಮ್ಮ. ಸಿಡಿದಿದ್ರೆ ಏನು ಗತಿ? ಬಿಟ್ಟು ಹೊರಗೆ ಓಡಬೇಕಿತ್ತು."

"ಎಲ್ಲಿಂದ ಓಡ್ಲಿ ತಾಯಿ? ಅದು ಬಾಗಿಲಲ್ಲೇ ಕೂತಿತ್ತಲ್ಲ."

ಪರೀಕ್ಷಕಿ ಆ ಒಂದೇ ಬಾಗಿಲನ್ನು, ಅದರ ಪಕ್ಕದ ಪ್ಲಗ್ಗನ್ನು ನೋಡಿದರು. ವ್ಯಾನಿನಿಂದ ಒಂದು ಬ್ಯಾಟರಿ ತೆಗೆದು ಬೆಚ್ಚಪ್ಪನ ಮುಂದಿಟ್ಟರು. "ಕೆಟ್ಟಿದ್ದನ್ನ ತಂದುಕೊಟ್ರೆ ಆ್ಯಪ್ ಕಂಪನಿಯವರು ಒಳ್ಳೇದು ಕೊಡಬೇಕು, ಕಾಯಿದೆಯಲ್ಲೇ ಇದೆ. ಕೆಟ್ಟಿದ್ದನ್ನ ತರೋದು ಬಿಟ್ಟು ಮೊಲ ತರ್ತೀರಲ್ಲ! ಧಾನ್ಯದ ಗೋದಾಮಿನ ಹಿಂದೆ ಚಾರ್ಜಿಗೆ ಅಂತಲೇ ಶೆಡ್ಡು ಹಾಕಿದೀವಿ. ಇದು ಈ ಬಾಗಿಲು ದಾಟಿ ಒಳಗೆ ಬರಕೂಡದು."

"ಬರಲ್ಲ ಮೇಡಂ."

"ಬಂದ್ರೆ ನಾನು ನೋಡ್ಕೋತೀನಿ" ಎಂದರು ಅತ್ತೆ, ಕೋಲು ಎತ್ತಿ.

ಸೈಕಲ್ಲಿನ ಚೌಕಟ್ಟಿಗೆ ಹಸಿರು ಚೀಟಿ ಅಂಟಿತು. ಬೆಚ್ಚಪ್ಪ ಹೆಬ್ಬೆರಳಿನಿಂದ ಅದರ ಮೂಲೆಗಳನ್ನು ಮತ್ತೆ ಮತ್ತೆ ಒತ್ತಿದ. ಅಷ್ಟರಲ್ಲಿ ಉದ್ದಣ್ಣ ಏದುತ್ತ ಬಂದ. "ಮೊದಲು ನನ್ನ ಮೊಲ ಕೊಡೋ" ಎಂದವನು ಪರೀಕ್ಷಕಿಯನ್ನು ಕಂಡು ಇದ್ದಲ್ಲೇ ಕುಗ್ಗಿದ. ಅಷ್ಟು ಎತ್ತರದ ಆಳು ಅಷ್ಟು ಗಿಡ್ಡವಾದದ್ದನ್ನು ಆ ಓಣಿ ಕಂಡಿರಲಿಲ್ಲ.

"ಮೊಲ ಯಾರ‍್ಯಾರ ಸೈಕಲ್ಲಿಗೆ ಹೋಗಿ ಬಂತೋ ಅವರನ್ನೆಲ್ಲಾ ಅವರವರ ಬ್ಯಾಟರಿ ಸಮೇತ ಕರ್ಕೊಂಡು ಬಾರಪ್ಪ. ಸಂಜೆ ತನಕ ಇರ್ತೀನಿ. ಬಂದವರಿಗೆ ಬದಲಿ ಸಿಗುತ್ತೆ. ಬರದವರ ಚೀಟಿ ಕೀಳ್ತೀನಿ."

"ಎಲ್ಲರನ್ನೂ ಎಳ್ಕೊಂಡು ಬರ್ತೀನಿ ಮೇಡಂ" ಎಂದು ಉದ್ದಣ್ಣ ಮೊಲವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ.

ವ್ಯಾನು ಹೋದ ಮೇಲೆ ಬೆಚ್ಚಪ್ಪ ಆ್ಯಪು ತೆರೆದ. ಹೊಸ ಕಾಯಿದೆಯಂತೆ, ಚೀಟಿ ಸಿಕ್ಕವರಿಗೆ ಹಿಂದಕ್ಕೆ ಓಡುವ ನಿಮಿಷಗಳನ್ನು ತೆಗೆದಿದ್ದರು. ಒಂದು ವಿಳಾಸ, ಒಂದು ಸಾಮಾನಿನ ಹೆಸರು, ಅಷ್ಟೇ ಇತ್ತು. ಅವನು ಆ ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತ.

ಅತ್ತೆ ಕಂಬಳಿಯ ಮರಳು ಕೊಡವುತ್ತಿದ್ದರು. ನಡುವೆ ಅಂಗೈಯಗಲ ಸುಟ್ಟು ತೂತಾಗಿತ್ತು. ಅದನ್ನು ಎತ್ತಿ ಹಿಡಿದು ತೂತಿನಿಂದ ಅಳಿಯನನ್ನು ನೋಡಿದರು.

"ಚಳಿ ಮುಗಿಯೋದ್ರೊಳಗೆ ಅಂದಿದ್ರಿ."

"ಈ ವಾರ ತಂದುಕೊಡ್ತೀನಿ ಅತ್ತೆ. ಆಣೆ."

"ಈಗ ಯಾಕೆ, ಬಿಸಿಲು ಬಂತಲ್ಲ. ಮುಂದಿನ ಚಳಿಗೆ ಕೊಡಿ. ಬಣ್ಣ ಮಾತ್ರ ನಾನೇ ಆರಿಸ್ತೀನಿ."

"ಅಲ್ಲೀತನಕ ಸಾಲ ಹಾಗೇ ಇರುತ್ತಲ್ಲ?"

"ಇರಲಿ ಬಿಡಿ. ಹೊರಡಿ, ಅವರ ಸಾಮಾನು ಕಾಯ್ತಿರುತ್ತೆ. ನಿಧಾನ."

ಬೆಚ್ಚಪ್ಪ ನಿಧಾನವಾಗಿಯೇ ಹೊರಟ. ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಅತ್ತೆ ತೂತು ಬಿದ್ದ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಮೆಟ್ಟಿಲ ಮೇಲೆ ಹಾಸಿಕೊಂಡು, ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು.