ಐದನೇ ಲೋಟ ಕಾಪಿ

ರಿಪೇರಿಗೆ ಮನೆಗೆ ಬರುವುದಿಲ್ಲ ಎಂದು ನನ್ನ ಅಂಗಡಿಯ ಬಾಗಿಲ ಮೇಲೆಯೇ ದೊಡ್ಡದಾಗಿ ಬರೆಸಿದ್ದೇನೆ. ಬೆಟ್ಟದ ಮೇಲಿನ ನಮ್ಮ ಕೋತಗಿರಿಯಲ್ಲಿ ಅದನ್ನು ಓದದವರಿಲ್ಲ, ಓದಿ ಮಾತು ಕೇಳಿದವರೂ ಇಲ್ಲ. ಮನೆಗೆ ಹೋದರೆ ನಾನು ಮೆಕ್ಯಾನಿಕ್ ಅಲ್ಲ, ನೆಂಟ. ಕಂಪ್ಯೂಟರಿನ ಮುಂದೆ ಕೂರುವ ಮೊದಲು ನಮ್ಮ ಹಟ್ಟಿ ಯಾವುದು, ತಾಯಿಯ ಕಡೆಯವರು ಯಾರು, ಈ ಸಲ ಚಹಾ ತೋಟದಲ್ಲಿ ಎಲೆ ಹೇಗಿದೆ ಎಂದೆಲ್ಲ ಹೇಳಬೇಕು. ಅಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ.

ಆದರೆ ಕಟ್ಟಬೆಟ್ಟಿನ ರಂಜಿತಾ ಟೀಚರ್ ಫೋನ್ ಮಾಡಿದಾಗ ಹೋಗದೆ ಇರಲು ಆಗಲಿಲ್ಲ.

"ಉಮೇಶಣ್ಣ, ಮೂರು ಗಂಟೆಗೆ ಜೀಪ್ ಬಂದು ಪೆಟ್ಟಿಗೆ ತಕೊಂಡು ಹೋಗ್ತದೆ. ಅಷ್ಟರೊಳಗೆ ಆಗ್ಲಿಲ್ಲ ಅಂದ್ರೆ ಹೆತ್ತೆಗೆ ಇನ್ನು ನಾಲ್ಕು ತಿಂಗಳು ಕಿವಿ ಇಲ್ಲ."

ನಮ್ಮಲ್ಲಿ ಅಜ್ಜಿಯನ್ನು ಹೆತ್ತೆ ಎನ್ನುತ್ತೇವೆ. ರಂಜಿತಾಳ ಹೆತ್ತೆಯ ಹೆಸರು ಮಾತಿ, ಅವಳಿಗೆ ಮೂರು ವರ್ಷದಿಂದ ಕಿವಿ ಕೇಳಿಸುವುದಿಲ್ಲ. ಕೊಯಮತ್ತೂರಿಗೆ ಕರೆದುಕೊಂಡು ಹೋಗಿ ಶ್ರವಣಯಂತ್ರ ಹಾಕಿಸಿದ್ದರು. ಮನೆಗೆ ಬಂದ ಮೇಲೆ ಚಮಚ ಕೆಳಗೆ ಬಿದ್ದರೂ ಗುಡುಗಿದ ಹಾಗೆ ಕೇಳಿಸುತ್ತದೆಂದು ಅದನ್ನು ಬಿಚ್ಚಿ ರಾಗಿ ಡಬ್ಬಿಯೊಳಗೆ ಹಾಕಿಬಿಟ್ಟಿದ್ದಳು. ಅದನ್ನು ಸರಿಮಾಡಿಸಲು ಮತ್ತೆ ಘಾಟಿ ಇಳಿಯಬೇಕೆಂದಾಗ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಸಾಯುವುದಕ್ಕಿಂತ ಕಿವುಡಿಯಾಗಿ ಬದುಕುತ್ತೇನೆ ಎಂದಳಂತೆ. ಕೊನೆಗೆ ಅಲ್ಲಿನ ಕಿವಿ ಡಾಕ್ಟರ್ ಕಲೈಸೆಲ್ವಿ ಒಂದು ಪುಟ್ಟ ಪೆಟ್ಟಿಗೆ ಕಳಿಸಿಕೊಟ್ಟಿದ್ದರು. ಅದರ ಒಂದು ತುದಿಗೆ ಶ್ರವಣಯಂತ್ರ, ಇನ್ನೊಂದು ತುದಿ ಕಂಪ್ಯೂಟರಿನ ಯುಎಸ್‌ಬಿಗೆ. ಡಾಕ್ಟರ್ ಕೊಯಮತ್ತೂರಿನಲ್ಲಿ ಕೂತು ಇಂಟರ್ನೆಟ್ಟಿನ ಮೂಲಕ ಯಂತ್ರವನ್ನು ಹದ ಮಾಡುತ್ತಾರೆ. ಪೆಟ್ಟಿಗೆ ಆ ಸಂಜೆಯೇ ಗೂಡಲೂರಿನ ಇನ್ನೊಬ್ಬ ರೋಗಿಗೆ ಹೋಗಬೇಕಿತ್ತು, ಮತ್ತೆ ಇಲ್ಲಿಗೆ ಸರದಿ ಬರುವುದು ನಾಲ್ಕು ತಿಂಗಳ ಮೇಲೆ.

ಹನ್ನೊಂದಕ್ಕೆ ನಾನು ಹೋದಾಗ ರಂಜಿತಾ ಅಳುವ ಹಾಗಿದ್ದಳು. ಪೆಟ್ಟಿಗೆ ಸಿಕ್ಕಿಸಿದರೆ ಕಂಪ್ಯೂಟರ್ ಗುರುತು ಹಿಡಿಯುತ್ತದೆ, ಐದು ನಿಮಿಷಕ್ಕೆ ಟಿಣ್ ಎಂದು ಬಿಟ್ಟುಬಿಡುತ್ತದೆ. ಹದ ಮಾಡಲು ಹತ್ತು ನಿಮಿಷ ತಡೆಯಿಲ್ಲದೆ ಬೇಕು.

ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತಿದ್ದದ್ದು ಒಂದೇ ಯುಎಸ್‌ಬಿ ಕಿಂಡಿ. ಅದಕ್ಕೆ ಕಿಂಡಿ ಹೆಚ್ಚಿಸುವ ಒಂದು ಹಬ್, ಹಬ್ಬಿಗೆ ಆ ಪೆಟ್ಟಿಗೆ, ಜೊತೆಗೆ ಇಂಟರ್ನೆಟ್ ಡಾಂಗಲ್. ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಕಿಟಕಿಯ ಎಡಮೂಲೆಯಲ್ಲಿ ಮಾತ್ರ, ಹಾಗಾಗಿ ಡಾಂಗಲ್ ಉದ್ದ ವಯರಿನಲ್ಲಿ ಅಲ್ಲಿ ನೇತಾಡುತ್ತಿತ್ತು. ಹಬ್ಬಿನ ಅಡಾಪ್ಟರಿಗೆ ಕರೆಂಟು ಅಡುಗೆಮನೆಯಿಂದ ಎಳೆದು ತಂದ ಎಕ್ಸ್‌ಟೆನ್ಷನ್ ಬಾಕ್ಸಿನಿಂದ.

"ಡ್ರೈವರ್ ಪ್ರಾಬ್ಲಮ್," ಎಂದೆ. ಗೊತ್ತಿಲ್ಲದಿದ್ದಾಗ ನಾನು ಮೊದಲು ಹೇಳುವುದು ಅದನ್ನೇ.

ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಪರಿಚಯಿಸುವ ಹಳೆಯ ಡ್ರೈವರ್ ಸಾಫ್ಟ್‌ವೇರ್ ಕಿತ್ತು ಹಾಕಿದೆ, ಹೊಸದು ಹಾಕಿದೆ. ಎಚ್ಚರಿಕೆಯ ಹಳದಿ ತ್ರಿಕೋನ ಮಾಯವಾಯಿತು. ಪರದೆಯ ಮೇಲೆ ಕಲೈಸೆಲ್ವಿ ನಕ್ಕು ಕೆಲಸ ಶುರು ಮಾಡಿದರು. ಅಷ್ಟರಲ್ಲಿ ಟಿಣ್. ಪೆಟ್ಟಿಗೆಯೂ ಹೋಯಿತು, ಡಾಂಗಲ್ಲೂ ಹೋಯಿತು, ಡಾಕ್ಟರ ನಗುವೂ ನಿಂತಲ್ಲೇ ನಿಂತಿತು. ತಲೆ ಎತ್ತಿ ನೋಡಿದರೆ ಮಾತಿ ಹೆತ್ತೆ ಹೆಗಲಿಗೆ ಹೊದ್ದ ಬಿಳಿ ಮುಂಡುಬಟ್ಟೆಯನ್ನು ಸರಿಮಾಡಿಕೊಳ್ಳುತ್ತಾ ಎದುರಿಗೆ ನಿಂತಿದ್ದಳು. ಕೈಯಲ್ಲಿ ದೊಡ್ಡ ಲೋಟದ ತುಂಬ ಕಾಪಿ.

ಸುತ್ತ ಬೆಟ್ಟದ ತುಂಬ ಚಹಾ ಬೆಳೆಯುತ್ತೇವೆ, ಆದರೆ ಮನೆಗೆ ಬಂದವರಿಗೆ ಕಾಪಿಯೇ ಆಗಬೇಕು. ಅದನ್ನು ಒಲ್ಲೆ ಎನ್ನುವ ಗಂಡಸು ಈ ಸೀಮೆಯಲ್ಲಿ ಹುಟ್ಟಿಲ್ಲ. ಕುಡಿದೆ. ಪಾಯಸ ಕುಡಿದಂತಾಯಿತು.

ಎರಡನೇ ಸಲ ವಿಂಡೋಸನ್ನು ಬೈದೆ. ವಿದ್ಯುತ್ ಉಳಿಸಲು ಯುಎಸ್‌ಬಿಯನ್ನು ತಾನೇ ಆರಿಸುವ ಒಂದು ಚಟ ಅದಕ್ಕಿದೆ, ಅದನ್ನು ಬಿಡಿಸಿದೆ. ಆರು ನಿಮಿಷ ಓಡಿತು. ಟಿಣ್. ಪಕ್ಕದ ಮನೆಯ ನಂಜಿ ಏನು ನಡೆಯುತ್ತಿದೆಯೆಂದು ನೋಡಲು ಬಂದಿದ್ದಳು, ಅವಳಿಗೂ ನನಗೂ ಒಂದೊಂದು ಲೋಟ ಕಾಪಿ ಬಂತು. ಮೂರನೇ ಸಲ ವಯರನ್ನು ಬೈದು ಬದಲಾಯಿಸಿದೆ. ಟಿಣ್. ಈ ಸಲ ನಾನು ಕೈ ಅಡ್ಡ ಹಿಡಿದು ಬೇಡ ಎಂದೆ. ಹೆತ್ತೆ ನನ್ನ ಮುಖ ನೋಡಿದಳು, ಲೋಟದ ಒಳಗೆ ನೋಡಿದಳು, ರುಚಿ ಹಿಡಿಸಲಿಲ್ಲವೆಂದುಕೊಂಡು ಒಳಗೆ ಹೋಗಿ ಇನ್ನಷ್ಟು ಸಕ್ಕರೆ ಹಾಕಿ ಹೊಸದಾಗಿ ಮಾಡಿಕೊಂಡು ಬಂದಳು. ಆ ಹೊತ್ತಿಗೆ ನಾನು ನನ್ನ ಅಂಗಡಿಯಿಂದ ತಂದಿದ್ದ ಹೊಸ ಹಬ್ಬನ್ನು ಹಾಕಿದ್ದೆ. ಅದೂ ಟಿಣ್ ಎಂದಿತು.

ಗಂಟೆ ಒಂದೂವರೆ. ಕಲೈಸೆಲ್ವಿ ತಮಿಳಿನಲ್ಲಿ ಮೆಲ್ಲಗೆ ಹೇಳಿದರು: "ಸಾರ್, ಹೀಗೆ ಅರ್ಧಕ್ಕೆ ಕಡಿದು ಹೋಗ್ತಾ ಇದ್ರೆ ಮೆಷಿನ್ನೇ ಕೆಟ್ಟುಹೋಗಬಹುದು. ಇನ್ನೊಂದು ಸಲ ನೋಡೋಣ. ಅಷ್ಟೇ."

ಹದಿನೆಂಟು ವರ್ಷದ ಅನುಭವ ಇರುವವನಿಗೆ ಆಗುವ ಅವಮಾನ ಹೇಳಿ ತೀರುವುದಲ್ಲ. ತಲೆ ಹಿಡಿದುಕೊಂಡು ಕೂತೆ. ಹೊಟ್ಟೆಯೊಳಗೆ ಕುಡಿದ ಕಾಪಿಯೆಲ್ಲ ಅಲುಗಾಡುತ್ತಿತ್ತು. ಆ ಅಲುಗಾಟವೇ ನನಗೆ ಬುದ್ಧಿ ಕೊಟ್ಟಿತು. ನಾಲ್ಕು ಟಿಣ್, ವಾಪಸ್ ಹೋದದ್ದೂ ಸೇರಿ ನಾಲ್ಕು ಲೋಟ. ಎದ್ದು ಎಕ್ಸ್‌ಟೆನ್ಷನ್ ವಯರಿನ ಜಾಡು ಹಿಡಿದು ಅಡುಗೆಮನೆಗೆ ಹೋದೆ. ಅದು ಚುಚ್ಚಿಕೊಂಡಿದ್ದ ಬೋರ್ಡಿನಲ್ಲೇ, ಪಕ್ಕದ ಪ್ಲಗ್ಗಿನಲ್ಲಿ, ಕರೆಂಟಿನ ಕೆಟಲ್. ಮನೆಯ ಹಳೆಯ ಲೈನು ಅದರ ಭಾರ ತಾಳುತ್ತಿರಲಿಲ್ಲ. ಕೆಟಲ್ ಬಿಸಿಯಾದಾಗಲೆಲ್ಲ ವೋಲ್ಟೇಜ್ ಕುಸಿದು ಹಬ್ಬು ಮೂರ್ಛೆ ಹೋಗುತ್ತಿತ್ತು. ನಾನು ಬರುವ ಮೊದಲೂ ಬಂದುಹೋದವರಿಗೆಲ್ಲ ಹೆತ್ತೆ ಕಾಪಿ ಕಾಯಿಸುತ್ತಲೇ ಇದ್ದಿರಬೇಕು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿದ್ದುದರಿಂದ ನನಗೆ ಗೊತ್ತೇ ಆಗಿರಲಿಲ್ಲ. ಇಷ್ಟು ಹೊತ್ತೂ ನಾನು ಬೈದದ್ದು ಒಂದು ತಪ್ಪೂ ಮಾಡದ ಡ್ರೈವರನ್ನು.

"ಹತ್ತು ನಿಮಿಷ ಕೆಟಲ್ ಹಾಕಬೇಡಿ ಅಂತ ಹೆತ್ತೆಗೆ ಹೇಳು," ಎಂದೆ.

ರಂಜಿತಾ ಬೆಚ್ಚಿದಳು. "ಕೇಳಿಸದವಳಿಗೆ ಅದನ್ನ ಹೆಂಗಣ್ಣ ಹೇಳೋದು? ಬಂದವರಿಗೆ ಕಾಪಿ ಬೇಡ ಅಂತ ಕೈ ಆಡಿಸಿದ್ರೆ ನೀವು ಕೋಪ ಮಾಡಿಕೊಂಡು ಹೊರಟಿರಿ ಅಂತಾಳೆ. ಒಂದು ಸಲ ನಾ ಪ್ಲಗ್ ಕಿತ್ತದ್ದಕ್ಕೆ ಎರಡು ದಿನ ಕೂಳು ಮುಟ್ಟಲಿಲ್ಲ. ಗ್ಯಾಸಿನಲ್ಲಿ ಕಾಯಿಸೋಣ ಅಂದ್ರೆ ಅದೂ ನಿನ್ನೆಯೇ ಮುಗಿದದೆ."

ನಂಜಿ ಬಾಗಿಲಲ್ಲಿ ನಿಂತೇ ದಾರಿ ತೋರಿಸಿದಳು. "ಲೋಟದಲ್ಲಿ ಕಾಪಿ ಇರೋ ತನಕ ಹೆತ್ತೆ ಇನ್ನೊಂದು ಮಾಡಲ್ಲ. ಕೆಳಗೆ ಇಡಬೇಡಿ, ಮುಗಿಸಲೂ ಬೇಡಿ."

ಹೀಗೆ, ಹದಿನೆಂಟು ವರ್ಷದ ಅನುಭವದ ಮೆಕ್ಯಾನಿಕ್ ನಾನು ಐದನೇ ಲೋಟ ಕಾಪಿ ಹಿಡಿದುಕೊಂಡು ಜಗಲಿಗೆ ಹೋದೆ. ಕೆಟಲ್ ಆರಿದ ಮೇಲೆಯೇ ಒಳಗೆ ಕೆಲಸ ಶುರುವಾಯಿತು. ಹೆತ್ತೆ ಎದುರಿನ ಮಣೆಯ ಮೇಲೆ ಕೂತು ನನ್ನ ಲೋಟವನ್ನೇ ನೋಡುತ್ತಿದ್ದಳು. ಗುಟುಕು ದೊಡ್ಡದಾದರೆ ಏಳುತ್ತಾಳೆ, ಸುಮ್ಮನೆ ಕೂತರೂ ಏಳುತ್ತಾಳೆ. ಅದಕ್ಕೆ ತುಟಿ ಮಾತ್ರ ತೋಯಿಸುತ್ತಾ ಮಾತಾಡತೊಡಗಿದೆ. ಮುಖದಲ್ಲಿ ನಗು ಇಟ್ಟುಕೊಂಡು, ಬೆಳಗಿನಿಂದ ಒಳಗೆ ತುಂಬಿದ್ದನ್ನೆಲ್ಲ ಹೇಳಿದೆ.

"ಹೆತ್ತೆ, ಇಂಥ ಕೆಟ್ಟ ಕಾಪಿ ನಾನು ಹುಟ್ಟಿದಾಗಿಂದ ಕುಡಿದಿಲ್ಲ. ಇದರಲ್ಲಿ ಸೌಟು ನೆಟ್ಟಗೆ ನಿಲ್ತದೆ. ನಿಮ್ಮ ಕೈಯಲ್ಲಿ ಸಕ್ಕರೆ ಡಬ್ಬಿ ಕೊಟ್ಟವರನ್ನ ಜೈಲಿಗೆ ಹಾಕಬೇಕು. ಇಡೀ ಬೆಳಿಗ್ಗೆ ಹಾಳು ಮಾಡಿದಿರಿ. ಇನ್ನು ಹತ್ತು ನಿಮಿಷ ಹೀಗೆ ಕೂತರೆ ನಾನು ನಿಮ್ಮ ಜಗಲಿಯಲ್ಲೇ ಮರ್ಯಾದೆ ಕಳಕೊಳ್ತೇನೆ."

ಅವಳು ತಲೆಯಾಡಿಸಿದಳು, ನಕ್ಕಳು, ನಾನು ನಿಲ್ಲಿಸಿದಾಗಲೆಲ್ಲ ಮುಂದಕ್ಕೆ ಎನ್ನುವಂತೆ ಗಲ್ಲ ಎತ್ತಿದಳು. ಬೈಗುಳ ಮುಗಿದ ಮೇಲೆ ಹೇಳಲು ಬೇರೆ ಏನೂ ಇಲ್ಲದೆ ನನ್ನ ಕಥೆಯನ್ನೇ ಹೇಳಿದೆ. ಅವ್ವ ತೀರಿಹೋದ ಮೇಲೆ ಮನೆಗೆ ಬೇಗ ಹೋಗುವುದನ್ನು ಬಿಟ್ಟಿದ್ದೇನೆ, ಅಂಗಡಿಯಲ್ಲೇ ಉಂಡು ಬೀದಿಯವರೆಲ್ಲ ಬಾಗಿಲು ಹಾಕಿದ ಮೇಲೆ ಹೋಗುತ್ತೇನೆ ಎಂದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕೇಳದ ಕಿವಿಗೆ ಹೇಳುವುದು ಸುಲಭ.

"ಅಣ್ಣ, ನೂರಕ್ಕೆ ನೂರು ಆಯ್ತು," ಎಂದು ಒಳಗಿನಿಂದ ರಂಜಿತಾ ಕೂಗಿದಳು. ನಾನು ಲೋಟ ಅಲ್ಲೇ ಇಟ್ಟು ಮೊದಲು ಹಿತ್ತಲಿಗೆ ಓಡಿದೆ.

ಬಂದಾಗ ಯಂತ್ರ ಹೆತ್ತೆಯ ಕಿವಿಯಲ್ಲಿತ್ತು. ಪರದೆಯ ಮೇಲಿನಿಂದ ಕಲೈಸೆಲ್ವಿ ತಮಿಳಿನಲ್ಲಿ ಅಜ್ಜಿಯನ್ನು ಕರೆದು, "ಪಾಟಿ, ಕೇಳಿಸ್ತಾ ಇದೆಯಾ?" ಎಂದರು. ಹೆತ್ತೆ ಬೆಚ್ಚಲಿಲ್ಲ, ಕಿವಿ ಮುಚ್ಚಿಕೊಳ್ಳಲಿಲ್ಲ. ಎಲ್ಲೋ ದೂರದಲ್ಲಿ ನಾಯಿ ಬೊಗಳಿತು, ಆ ಕಡೆಗೆ ತಿರುಗಿದಳು. ರಂಜಿತಾ, "ಹೆತ್ತೆ," ಎಂದಳು, ಅಷ್ಟೇ. ಮುದುಕಿ ಅವಳ ಗಲ್ಲ ಹಿಡಿದು, "ನಿನ್ನ ದನಿ ದೊಡ್ಡ ಹೆಂಗಸಿನ ಹಾಗಾಗ್ಬುಟ್ಟದೆ," ಎಂದಳು. ನಂಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ನನಗೂ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

ಮೂರಕ್ಕೆ ಜೀಪು ಬಂದು ಪೆಟ್ಟಿಗೆ ತೆಗೆದುಕೊಂಡು ಹೋಯಿತು. ನಾನೂ ಚೀಲ ಹೆಗಲಿಗೆ ಹಾಕಿದೆ. ಹೆತ್ತೆ ನನ್ನ ಕೈ ಹಿಡಿದು ಮತ್ತೆ ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ಕೆಟಲಿನ ಕಡೆಗೆ ಹೋಗಲೇ ಇಲ್ಲ.

"ಆಗ ನೀ ನಗ್ತಾ ನಗ್ತಾ ಎಷ್ಟೊಂದು ಮಾತಾಡಿದೆ. ಅದನ್ನ ಎಲ್ಲ ಇನ್ನೊಂದು ಸಲ ಹೇಳು."

ನಾನು ಚೀಲದ ಪಟ್ಟಿ ಸರಿಮಾಡಿಕೊಂಡೆ. "ಏನಿಲ್ಲ ಹೆತ್ತೆ. ಕಾಪಿ ಚೆನ್ನಾಗಿದೆ ಅಂದೆ."

"ಅಷ್ಟು ಹೇಳೋಕೆ ಹತ್ತು ನಿಮಿಷ ಬೇಕಾ?" ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಕಿವಿ ಹೋದ ಮೇಲೆ ಎನ್ನ ಮುಂದೆ ಯಾರೂ ಕೂರಲಿಲ್ಲ, ಮಗ. ಎರಡು ಸಲ ಕೂಗ್ತಾರೆ, ಎದ್ದು ಹೋಗ್ತಾರೆ. ಲೋಟ ಕೊಟ್ರೆ ಅದು ಮುಗಿಯೋ ತನಕ ಇರ್ತಾರೆ. ಅದಕ್ಕೇ ಕೊಟ್ಟೆ. ಲೋಟದಲ್ಲಿ ಅರ್ಧ ಉಳಿಸಿ, ಹೊತ್ತು ಕಳೆದು, ಮಾತಾಡ್ತಾ ಕೂತವ ನೀ ಒಬ್ಬನೇ."

ಯಾಕೆ ಕೂತಿದ್ದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಚೀಲ ಕೆಳಗಿಟ್ಟೆ. ಮೂರೂಕಾಲಿನ ಬಸ್ಸು ಕೆಳಗಿನ ತಿರುವಿನಲ್ಲಿ ಹಾರ್ನ್ ಹೊಡೆದು ಹೋಯಿತು, ಹೆತ್ತೆ ಆ ಸದ್ದಿಗೂ ಒಂದು ಕಿವಿ ಕೊಟ್ಟು ಮತ್ತೆ ನನ್ನ ಕಡೆ ತಿರುಗಿದಳು.

"ನಮ್ಮ ಅವ್ವ ತೀರಿಹೋಗಿ ಎರಡು ವರ್ಷ ಆಯ್ತು, ಹೆತ್ತೆ," ಎಂದು ಶುರು ಮಾಡಿದೆ.